ತಕರಾರು ಇಲ್ಲೆ

ಎಲ್ಲ ಶುರುವಾದದ್ದು ಒಂದು ಶಾಲಿನಿಂದ. ಹೊದೆಸಿದವರಿಗೆ ಯಾವ ದುರುದ್ದೇಶವೂ ಇರಲಿಲ್ಲ, ಹೊದ್ದುಕೊಂಡ ರಾಮ ಭಟ್ಟರಿಗಂತೂ ಯಾವ ಉದ್ದೇಶವೂ ಇರಲಿಲ್ಲ. ಚೌತಿ ಕಳೆದ ಹೊಸತರಲ್ಲಿ ಸಿದ್ದಾಪುರದಲ್ಲಿ ಹವ್ಯಕ ಮಾತಿನ ಕವಿಗೋಷ್ಠಿಯೊಂದು ನಡೆಯಿತು. ಮಂಚಿಕೇರಿ ಹತ್ತಿರ ಹಿಟ್ಟಿನ ಗಿರಣಿ ನಡೆಸುವ ಭಟ್ಟರು ಅಲ್ಲಿ ತಮ್ಮ ಗಿರಣಿಯ ಮೇಲೇ ಒಂದು ಕವನ ಓದಿದರು. ಕಾವ್ಯನಾಮ ‘ಪಿಷ್ಟಕವಿ’. ಪಿಷ್ಟವೆಂದರೆ ಹಿಟ್ಟು ಎಂದು ಅವರೇ ಎದ್ದುನಿಂತು ವಿವರಿಸಬೇಕಾಯಿತು. ಓದಿದ ಎಲ್ಲರಿಗೂ ಹೊದೆಸಿದ ಹಾಗೆ ಅವರಿಗೂ ಒಂದು ಶಾಲು ಹೊದೆಸಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಶಾಲು ಕಪಾಟು ಸೇರುತ್ತಿತ್ತು, ಕಥೆ ಮುಗಿಯುತ್ತಿತ್ತು. ಆದರೆ ಅಧ್ಯಕ್ಷರು ಕೊನೆಯಲ್ಲಿ, “ಇನ್ನು ಮುಂದೆ ನಾವೆಲ್ಲರೂ ಎಲ್ಲಿಗೇ ಹೋಗಲಿ, ಯಾರೊಡನೆಯೇ ಆಗಲಿ, ನಮ್ಮ ಮನೆಮಾತಿನಲ್ಲಿಯೇ ವ್ಯವಹರಿಸುವ ಪಣ ತೊಡೋಣ” ಎಂದು ಅಪ್ಪಟ ಪುಸ್ತಕದ ಕನ್ನಡದಲ್ಲಿ ಕರೆ ಕೊಟ್ಟರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು, ಊಟ ಮಾಡಿತು, ಮನೆಗೆ ಹೋಗಿ ಮರೆಯಿತು. ಇಡೀ ಸಭೆಯಲ್ಲಿ ಆ ಮಾತನ್ನು ನಿಜವೆಂದು ತಿಳಿದವರು ರಾಮ ಭಟ್ಟರೊಬ್ಬರೇ.

ಮರುದಿನವೇ ಪಣಕ್ಕೆ ಪರೀಕ್ಷೆ ಬಂತು. ಯಲ್ಲಾಪುರದ ಬಸ್ಸಿನಲ್ಲಿ ರಾಣೆಬೆನ್ನೂರು ಕಡೆಯ ಕಂಡಕ್ಟರು, “ಎಲ್ಲಿಗ್ರಿ?” ಎಂದು ಕೇಳಿದ.

“ಆನು ಯಲ್ಲಾಪುರಕ್ಕೆ ಹೋಗ್ತೆ.” ಭಟ್ಟರ ಮನೆಮಾತಿನಲ್ಲಿ ಆನು ಎಂದರೆ ನಾನು.

“ಆನು ಯಾರ್ರಿ? ಅವರು ಹೋಗ್ಲಿ ಬಿಡ್ರಿ. ನೀವೆಲ್ಲಿಗೆ?”

“ಆನೇ ಹೋಗದು ಮಾರಾಯಾ!”

ಕಂಡಕ್ಟರು ಕಿಟಕಿಯಿಂದ ಹೊರಗೆ ಇಣುಕಿ ನೋಡಿದ. “ಆನಿ ಬಸ್ಸಿನಾಗ ಹತ್ತಸಂಗಿಲ್ರೀ ಯಜಮಾನ್ರ. ಕೋಳಿ ಇದ್ರ ಹೇಳ್ರಿ, ಅರ್ಧಾ ಟಿಕೆಟ್ ಹರೀತೇನಿ” ಎಂದ.

ಇಡೀ ಬಸ್ಸು ನಕ್ಕಿತು. ಭಟ್ಟರು ನಗಲಿಲ್ಲ. ಭಾಷೆಗಾಗಿ ಅವಮಾನ ಸಹಿಸುವುದೂ ಒಂದು ಸೇವೆ ಎಂದುಕೊಂಡು ಯಲ್ಲಾಪುರದವರೆಗೆ ಬೆನ್ನು ನೆಟ್ಟಗೆ ಮಾಡಿ ಕೂತರು. ಮನೆಗೆ ಬಂದು ಹೇಳಿದಾಗ ಹೆಂಡತಿ ಪರಿಮಳಾ, “ಆ ಶಾಲನ್ನ ನಿಂಗಳ ಬಾಯಿಗೆ ಹೊದೆಸಿದ್ರೆ ಊರಿಗೆ ಉಪಕಾರ ಆಗ್ತಿತ್ತು” ಎಂದಳು. ಅದನ್ನೂ ಸಹಿಸಿದರು.

ಈಗ ಬೇಲಿಯ ಆಚೆಗಿನ ವಿಷಯ. ಗಿರಣಿಯ ಹಿಂದೆ ಭಟ್ಟರ ಜಾಗ, ಅದರ ಕೊನೆಗೆ ಬೇಲಿ, ಬೇಲಿ ದಾಟಿದರೆ ಸಿದ್ದಿಗಳ ಕೇರಿ. ಹತ್ತು ಹನ್ನೆರಡು ಮನೆ, ಎಲ್ಲ ಇಗರ್ಜಿಗೆ ಹೋಗುವ ಕ್ರೈಸ್ತರು. ಇಗರ್ಜಿ ಇರುವುದು ದೂರದ ಯಲ್ಲಾಪುರದಲ್ಲಿ. ಕಾಲಿದ್ದವರು ಹೋಗುತ್ತಿದ್ದರು, ಮುದುಕರು ಉಳಿಯುತ್ತಿದ್ದರು. ಅದಕ್ಕೆ ಪಾದ್ರಿಯವರೇ ತಿಂಗಳಿಗೊಂದು ಭಾನುವಾರ ಇಲ್ಲಿಗೆ ಬಂದು, ಗೌಂಡಿ ಕೆಲಸದ ಬಸ್ತ್ಯಾಂವನ ಅಂಗಳದಲ್ಲಿ ಚಪ್ಪರದ ಕೆಳಗೆ ಪೂಜೆ ಮಾಡಿ ಹೋಗುತ್ತಿದ್ದರು. ಬಸ್ತ್ಯಾಂವನ ತಾಯಿ ಮರಿಯಾಣಿಗೆ ಕಾಲು ಪೂರ್ತಿ ಬಿದ್ದುಹೋಗಿತ್ತು. ಆ ಒಂದು ಭಾನುವಾರ ಮಾತ್ರ ಮಗ ಅವಳನ್ನು ಎತ್ತಿ ತಂದು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದ. ಬಹಳ ವರ್ಷ ಹೀಗೇ ನಡೆದಿತ್ತು, ಯಾರ ಅನ್ನಕ್ಕೂ ಕಲ್ಲು ಬಿದ್ದಿರಲಿಲ್ಲ.

ಈ ಮಳೆಗಾಲದಲ್ಲಿ ಯಾರೋ ದೂರು ಕೊಟ್ಟರು. ಯಾರು ಎಂಬುದು ಇವತ್ತಿಗೂ ಗೊತ್ತಿಲ್ಲ. ಮನೆಯನ್ನು ಪರವಾನಿಗೆಯಿಲ್ಲದೆ ಪ್ರಾರ್ಥನೆಯ ಸ್ಥಳ ಮಾಡಿದ್ದಾರೆ, ನಿಲ್ಲಿಸಬೇಕು ಎಂದು. ನಿಲ್ಲಿಸಿದರು. ಪಾದ್ರಿಯವರು ಬರುವುದು ಬಿಟ್ಟರು. ಬಸ್ತ್ಯಾಂವ ಕೇರಿಯವರ ಪರವಾಗಿ ತನ್ನ ಸ್ವಂತ ಜಾಗದಲ್ಲಿ ಒಂದೇ ಒಂದು ಕೋಣೆ ಕಟ್ಟಲು ಅರ್ಜಿ ಹಾಕಿದ. ಪರವಾನಿಗೆ ಸಿಕ್ಕರೆ ಮತ್ತೆ ಪೂಜೆ, ಇಲ್ಲವಾದರೆ ಮರಿಯಾಣಿಯಂಥವರಿಗೆ ಸಾಯುವ ತನಕ ಏನೂ ಇಲ್ಲ. ಆಕೆ ದಿನಾ ಬೆಳಿಗ್ಗೆ, “ಪಾದ್ರಿ ಯಾಕೆ ಬರ್ಲಿಲ್ಲ? ನಾವೆಂತ ತಪ್ಪು ಮಾಡಿದೆವು?” ಎಂದು ಕೇಳುತ್ತಿದ್ದಳು. ಬಸ್ತ್ಯಾಂವ ದಿನಾ ಒಂದೊಂದು ಹೊಸ ಸುಳ್ಳು ಹೇಳುತ್ತಿದ್ದ.

ಅಕ್ಕಪಕ್ಕದವರ ತಕರಾರಿಲ್ಲ ಎಂಬುದು ಬೇಕಿತ್ತು. ಕೇರಿಯ ಮೂರು ಕಡೆ ಕಾಡು, ನಾಲ್ಕನೆಯ ಕಡೆ ರಾಮ ಭಟ್ಟರು. ಕಾಡಿನ ಮರಗಳು ಬಾಯಿ ಬಿಡುವಂತಿರಲಿಲ್ಲವಾದ್ದರಿಂದ ಎಲ್ಲ ಭಟ್ಟರ ಮಾತಿನ ಮೇಲೆ ನಿಂತಿತು. ಬಸ್ತ್ಯಾಂವ ಪೇಟೆಯಲ್ಲಿ ಎರಡು ಸಾಲು ಬರೆಸಿಕೊಂಡು ಗಿರಣಿಗೆ ಬಂದ. ಇಬ್ಬರೂ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ, ಒಂದೇ ಮಾಸ್ತರರ ಕೈಯಲ್ಲಿ ಪೆಟ್ಟು ತಿಂದವರು.

“ಭಟ್ರೆ, ಇದರ ಕೆಳಗೆ ಒಂದು ಸಹಿ ಹಾಕಿದ್ರೆ ಆಯ್ತು.”

ಭಟ್ಟರು ಓದಿದರು. “ಸದರಿ ಕಟ್ಟಡಕ್ಕೆ ನನ್ನ ಯಾವುದೇ ತಕರಾರು ಇರುವುದಿಲ್ಲ.” ಓದಿ ಮುಖ ಹುಳಿ ಮಾಡಿದರು. ಹೊಸ ಕವಿಗೆ ಸದರಿ ಎಂಬ ಶಬ್ದವೇ ಹಿಡಿಸಲಿಲ್ಲ.

“ಥೋ! ಇದೆಂತ ಒಣ ಮಾತು! ಇದಕ್ಕೆ ಜೀವ ಇದ್ದಾ? ಸಾಹೇಬ್ರು ಬರ್ಲಿ, ಆನು ಎನ್ನ ಮನೆಮಾತಲ್ಲಿ, ಎನ್ನ ಬಾಯಲ್ಲಿ, ಎಲ್ಲರ ಎದುರಿಗೇ ಹೇಳ್ತೆ.”

“ಸಹೀನೂ ಇರ್ಲಿ, ಮಾತೂ ಇರ್ಲಿ...” ಎಂದು ಬಸ್ತ್ಯಾಂವ ಗೊಣಗಿದ.

“ಮಾತಿಗಿಂತ ದೊಡ್ಡ ಸಹಿ ಯಾವ್ದಿದ್ದು?” ಎಂದು ಭಟ್ಟರು ಕಾಗದ ಮಡಚಿ ಅವನ ಕಿಸೆಗೇ ಹಾಕಿದರು. ಆ ಸಂಜೆ ಅವರು ಕನ್ನಡಿಯ ಮುಂದೆ ಎರಡು ಸಲ ಅಭ್ಯಾಸ ಮಾಡಿದ್ದನ್ನು ಪರಿಮಳಾ ಕಂಡಳು.

ನವರಾತ್ರಿ ಮುಗಿದ ವಾರ ಸ್ಥಳ ಪರಿಶೀಲನೆಗೆ ಅಧಿಕಾರಿ ಬಂದರು. ಹೆಸರು ಸಂಜಯ ಹೊಸರಿತ್ತಿ, ಹಾವೇರಿ ಕಡೆಯವರು, ವರ್ಗವಾಗಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಒಳ್ಳೆಯ ಮನುಷ್ಯ, ಬರೆಯುವ ಮೊದಲು ಎರಡು ಸಲ ಕೇಳುವವರು. ಈ ಕಥೆಯಲ್ಲಿ ಅವರ ಜಾಗರೂಕತೆಯೇ ಮುಳುವಾಯಿತು ಎಂಬುದನ್ನು ವಿಷಾದದಿಂದ ಹೇಳಬೇಕಾಗಿದೆ. ಕೇರಿಯವರೆಲ್ಲ ತುಸು ದೂರದಲ್ಲಿ ಕೈಕಟ್ಟಿ ನಿಂತರು. ಭಟ್ಟರು ಶಾಲು ಹೊದ್ದು ಬಂದರು.

“ನೋಡ್ರಿ ಭಟ್ರ, ಇವ್ರು ಇಲ್ಲಿ ಪ್ರಾರ್ಥನಾಕ್ಕ ಒಂದು ಖೋಲಿ ಕಟ್ಟತಾರಂತ. ನಿಮ್ಮ ಜಾಗಾ ಹಚ್ಚಿ ಐತಿ. ನಿಮ್ಮದೇನರ ಅಡ್ಡಿ ಐತೇನ್ರಿ?”

ಭಟ್ಟರು ಗಂಟಲು ಸರಿಮಾಡಿಕೊಂಡರು. “ಎನ್ನ ಅಡ್ಡಿ ಇಲ್ಲೆ.”

“ಇಲ್ಲೇ?”

“ಇಲ್ಲೆ.”

ಅಧಿಕಾರಿ ನೆಲ ನೋಡಿದರು, ಭಟ್ಟರ ಮುಖ ನೋಡಿದರು. “ಅಂದ್ರ, ಇದ ಜಾಗಾದಾಗ?”

“ಹೌದು, ಈ ಜಾಗದ್ದೇ ಹೇಳದು. ಅಡ್ಡೀನೂ ಇಲ್ಲೆ, ತಕರಾರೂ ಇಲ್ಲೆ.”

“ಬ್ಯಾರೆ ಕಡೆ ಕಟ್ಟಿದ್ರ?”

“ಬೇರೆ ಕಡೆ ಸುದ್ದಿ ಎನಗೆಂತಕ್ಕೆ ಮಾರಾಯಾ? ಇಲ್ಲೆ ಅಂದ್ರೆ ಇಲ್ಲೆ! ಇವತ್ತೂ ಇಲ್ಲೆ, ನಾಳೆನೂ ಇಲ್ಲೆ, ಯಾರು ಬಂದು ಕೇಳಿದ್ರೂ ಇಲ್ಲೆ!”

ಗೋಷ್ಠಿಯಲ್ಲಿ ಕವನಕ್ಕೆ ತಾಳ ಹಾಕಿದಂತೆ ಇಲ್ಲಿಯೂ ಅವರು ಒಂದೊಂದು ಇಲ್ಲೆಗೂ ತೋರುಬೆರಳಿನಿಂದ ನೆಲವನ್ನು ಕುಟ್ಟುವಂತೆ ತೋರಿಸಿದರು. ಈ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಭಟ್ಟರ ಮನೆಯ ಇಲ್ಲೆ ಎಂದರೆ ಇಲ್ಲ ಎಂದು ಗೊತ್ತು. ಕೇರಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು, ಬಸ್ತ್ಯಾಂವನ ಕಣ್ಣು ತೇವವಾಯಿತು. ಹಾವೇರಿಯಲ್ಲಿ ಹುಟ್ಟಿದವರಿಗೆ ಇಲ್ಲೇ ಎಂದರೆ ಇಲ್ಲಿಯೇ. ಅವರು ತಲೆಯಾಡಿಸುತ್ತ ಬರೆದುಕೊಂಡರು: ತಕರಾರು ಇಲ್ಲೇ, ಇದೇ ಜಾಗಕ್ಕೆ, ಬೇರೆ ಕಡೆಯ ಸುದ್ದಿ ಬೇಡ, ಯಾರು ಕೇಳಿದರೂ ಬದಲಾಯಿಸುವುದಿಲ್ಲ.

“ಓದಿ ಹೇಳಲೇನ್ರಿ?”

“ಆನು ಹೇಳಿದ್ದನ್ನ ಎನಗೇ ಓದದು ಎಂತಕ್ಕೆ?” ಎಂದು ಭಟ್ಟರು ಪೆನ್ನು ಕಸಿದು, ಕೆಳಗೆ ‘ಪಿಷ್ಟಕವಿ’ ಎಂದು ಬಾಲ ಎಳೆದು ಸಹಿ ಮಾಡಿದರು.

“ಭಾಳ ಗಟ್ಟಿ ಮನಿಷಾರದೀರಿ” ಎಂದರು ಅಧಿಕಾರಿ.

“ಕವಿ” ಎಂದರು ಭಟ್ಟರು.

ಆ ಹಾಳೆಯ ಫೋಟೋ ಯಾರ ಮೊಬೈಲಿನಿಂದ ಯಾರ ಮೊಬೈಲಿಗೆ ಹೋಯಿತೋ, ದೀಪಾವಳಿಗೆ ಮೊದಲೇ ಸಿರ್ಸಿ, ಸಿದ್ದಾಪುರ ಸುತ್ತಿ ಬಂತು. ಪರಿಮಳಾಳ ತಮ್ಮ ಸುಹಾಸ ಸಿದ್ದಾಪುರದಲ್ಲಿದ್ದ. ಊರಿನ ಯಾವ ಸಮಿತಿಯಾದರೂ ಸರಿ, ಅದರಲ್ಲಿ ಒಂದು ಕುರ್ಚಿ ಅವನದು. ಅವನ ಫೋನು ಬಂತು.

“ಭಾವಾ! ನಿನ್ನ ಮಾತು ಮೂರೂ ತಾಲೂಕಲ್ಲಿ ಹಬ್ಬಿದ್ದು!”

“ನೀನೂ ಓದಿದ್ಯಾ?” ಭಟ್ಟರಿಗೆ ರೋಮಾಂಚನವಾಯಿತು.

“ಓದದೆಂತು, ಎಲ್ಲ ಗುಂಪಿಗೂ ಕಳ್ಸಿದ್ದೆ! ಎಂತಾ ಗಟ್ಟಿ ಮಾತು, ಎಂತಾ ಧೈರ್ಯ!”

ಗಿರಣಿಯ ಮೇಲೆ ಕವನ ಬರೆಯಲು ಅಷ್ಟೊಂದು ಧೈರ್ಯ ಬೇಕೆಂದು ಭಟ್ಟರಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಆದರೆ ವಿಮರ್ಶಕರು ಕವಿಗೆ ಕಾಣದ್ದನ್ನೂ ಕಾಣುತ್ತಾರೆಂದು ಕೇಳಿದ್ದರು.

“ಸಿರ್ಸೀಲಿ ನಿನಗೆ ಸನ್ಮಾನ ಮಾಡ್ತ. ನಿನ್ನಂಥವ್ರು ಊರಿಗೊಬ್ರು ಬೇಕು ಭಾವಾ.”

“ಊರಿಗೊಬ್ರು ಆದ್ರೆ ಕೇಳವ್ರು ಯಾರು?” ಎಂದು ಭಟ್ಟರು ಕವಿಯ ವಿನಯದಿಂದ ನಕ್ಕರು. ಸುಹಾಸನೂ ಯಾಕೆಂದು ತಿಳಿಯದೆ ನಕ್ಕ.

ಗಿರಣಿಗೂ ಕೀರ್ತಿ ಬಂತು. ಗುರುತಿಲ್ಲದವರು ಬೈಕು ನಿಲ್ಲಿಸಿ ಕೈ ಮುಗಿದು ಹೋದರು. ಒಬ್ಬ ಅವರ ಜೊತೆ ಸೆಲ್ಫಿ ತೆಗೆಸಿಕೊಂಡ. ದಾಸನಕೊಪ್ಪದಿಂದ ಬಂದು ಇಲ್ಲಿ ಮಗಳ ಮನೆಯಲ್ಲಿರುವ ಗಿರಿಜವ್ವ ಮಾತ್ರ ಜೋಳದ ಚೀಲ ಧೊಪ್ಪನೆ ಇಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡಳು.

“ಭಾಳ ದೊಡ್ಡ ಮನಿಷಾರಾದ್ರಿ ಬಿಡ್ರಿ ಭಟ್ರ. ಆದ್ರ ಆ ಮುದುಕಿಗೆ ಹಂಗ ಮಾಡಬಾರದಿತ್ತು.”

ಭಟ್ಟರ ಕವನದ ಎರಡನೆಯ ನುಡಿಯಲ್ಲಿ ಒಬ್ಬ ಮುದುಕಿ ಅಕ್ಕಿ ಬೀಸಲು ಬಂದು ಕೆಮ್ಮುತ್ತಾಳೆ. ದಾಸನಕೊಪ್ಪದ ತನಕ ಓದುಗರಿರುವುದು ಕಂಡು ಅವರಿಗೆ ಹೆಮ್ಮೆಯಾಯಿತು.

“ಅದು ಕಲ್ಪನೆ ಗಿರಿಜವ್ವಾ. ಪ್ರಾಸಕ್ಕೆ ಬೇಕಾತು.”

“ಪ್ರಾಸಕ್ಕ? ಪ್ರಾಸಕ್ಕಂತ ಮುದುಕಿ ಬಾಯಾಗ ಮಣ್ಣ ಹಾಕೂದೇನ್ರಿ?”

“ಕೆಮ್ಮೊಂದೇ ಹಾಕಿದ್ದು, ಮಣ್ಣು ಹಾಕಿದ್ದಿಲ್ಲೆ” ಎಂದರು ಭಟ್ಟರು ಗಂಭೀರವಾಗಿ. ಗಿರಿಜವ್ವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಚೀಲ ಎತ್ತಿಕೊಂಡು, ಬೀಸಿಸದೆಯೇ ಹೊರಟುಹೋದಳು.

ಸಿದ್ದಿ ಕೇರಿಯ ಹೆಂಗಸರು ಅಕ್ಕಿ ತರುವುದು ಬಿಡಲಿಲ್ಲ. ಆದರೆ ಒಳಗೆ ಬಂದು ಬೆಂಚಿನ ಮೇಲೆ ಕೂತು ಹರಟುವುದು ಬಿಟ್ಟರು. ಡಬ್ಬ ಹೊಸ್ತಿಲ ಹತ್ತಿರ ಇಟ್ಟು ಹೊರಗೆ ನಿಲ್ಲುತ್ತಿದ್ದರು. ಕೀರ್ತಿ ಬಂದವರ ಎದುರು ಜನ ತುಸು ದೂರ ನಿಲ್ಲುವುದು ಸಹಜವೆಂದು ಭಟ್ಟರು ತಿಳಿದರು. ಪರಿಮಳಾ ಎರಡು ಸಲ, “ಅವು ಎಂತಕ್ಕೆ ಮಾತಾಡ್ತಿಲ್ಲೆ? ನಿಂಗ ಕೇರಿಗೆ ಹೋಗಿ ಒಂದು ಸಲ ಕೇಳಿಕ್ಕಿ ಬನ್ನಿ” ಎಂದಳು. ಸನ್ಮಾನ ಮುಗಿಯಲಿ, ಹೋಗುವಾ ಎಂದರು ಭಟ್ಟರು.

ಸಿರ್ಸಿಯ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ತಮ್ಮ ಕುರ್ಚಿಗೆ ಕೆಂಪು ಬಟ್ಟೆ ಹೊದೆಸಿದ್ದನ್ನು ಕಂಡು, ಕಾವ್ಯಕ್ಕೆ ಇಷ್ಟು ಜನ ಸೇರುವ ಊರು ಭೂಮಿಯ ಮೇಲೆ ಇದೆಯಲ್ಲ ಎಂದು ಭಟ್ಟರು ಬೆರಗಾದರು. ಆಮೇಲೆ ನಿರೂಪಕ ಮೈಕು ಹಿಡಿದ.

“ಅನಧಿಕೃತ ಪ್ರಾರ್ಥನಾ ಮಂದಿರದ ವಿರುದ್ಧ, ಒಬ್ಬಂಟಿಯಾಗಿ, ಸರಕಾರಿ ಅಧಿಕಾರಿಯ ಕಣ್ಣಲ್ಲಿ ಕಣ್ಣಿಟ್ಟು, ನೆಲಕ್ಕೆ ಬೆರಳು ತೋರಿಸಿ, ‘ತಕರಾರು ಇಲ್ಲೇ ಇದೆ’ ಎಂದು ಗುಡುಗಿದ ಧೀರ...”

ಯಾರಪ್ಪಾ ಈ ಧೀರ ಎಂದು ಭಟ್ಟರು ಹಿಂದೆ ತಿರುಗಿ ನೋಡಿದರು. ಹಿಂದೆ ಗೋಡೆಯಿತ್ತು. ಮುಂದೆ ನೋಡಿದರೆ ಎಲ್ಲರ ಕಣ್ಣೂ ತಮ್ಮ ಮೇಲೆಯೇ ಇತ್ತು. ಇಲ್ಲೆ, ಇಲ್ಲೇ ಎಂದು ಒಳಗೊಳಗೇ ಎರಡು ಸಲ ಹೇಳಿಕೊಂಡರು. ಆಗ ಹಾವೇರಿಯ ಸಾಹೇಬರು ನೆಲ ನೋಡಿದ್ದು, ಗಿರಿಜವ್ವನ ಮುದುಕಿ, ಹೊಸ್ತಿಲಿನ ಡಬ್ಬಗಳು, ಎಲ್ಲ ಒಂದರ ಹಿಂದೊಂದು ಅರ್ಥವಾಯಿತು. ಅಷ್ಟರಲ್ಲಿ ಶಾಲು ಹೆಗಲಿಗೆ ಬಂದಿತ್ತು. ಫೋಟೋದವರು ಬೆಳಕು ಹಾರಿಸಿದರು. ಸುಹಾಸ ಅವರ ತೋಳು ಹಿಡಿದು ಮೈಕಿನ ಮುಂದೆ ತಂದು ನಿಲ್ಲಿಸಿದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಸಭೆಯಲ್ಲಿ ಕೂತವರು ಹಾವೇರಿಯವರಲ್ಲ. ಅರ್ಧಕ್ಕರ್ಧ ಜನ ಇಲ್ಲೆ ಎಂದೇ ಬಾಯಿ ಬಿಟ್ಟು ಬೆಳೆದವರು. ಭಟ್ಟರು ಅಲ್ಲಿ ನಿಂತು, ಆನು ಹೇಳಿದ್ದು ತಕರಾರು ಇಲ್ಲೆ ಅಂತ, ಅವು ಕಟ್ಟಿಕೊಳ್ಳಲಿ, ಎಂದು ಒಂದೇ ವಾಕ್ಯ ಹೇಳಿದ್ದರೆ ಸಾಕಿತ್ತು, ಎಲ್ಲರಿಗೂ ಅರ್ಥವಾಗುತ್ತಿತ್ತು. ಭಾಷೆಯ ಯಾವ ತೊಂದರೆಯೂ ಅಲ್ಲಿರಲಿಲ್ಲ.

ಭಟ್ಟರು ಬಾಯಿ ತೆರೆದರು. “ಆನು ಹೇಳಿದ್ದು...” ಎಂದರು. ಮುಂದಿನ ಸಾಲಿನಲ್ಲಿ ಮೈಕಿನಷ್ಟೇ ಗಟ್ಟಿ ಮುಖದ ನಾಲ್ಕು ಜನ ಕೂತಿದ್ದರು. ಅವರಲ್ಲೊಬ್ಬ ಈಗಾಗಲೇ ಚಪ್ಪಾಳೆಗೆ ಕೈ ಎತ್ತಿ ಕಾಯುತ್ತಿದ್ದ. ಭಟ್ಟರು ನಿಜಕ್ಕೂ ಹೆದರಿದರು, ಮುಚ್ಚಿಡುವಂಥದ್ದೇನಿಲ್ಲ. ಹೆದರಿಕೆಯ ಪಕ್ಕದಲ್ಲೇ ಹೆಗಲ ಮೇಲೆ ರೇಷ್ಮೆಯ ಶಾಲು ಬೆಚ್ಚಗಿತ್ತು.

“ಆನು ಹೇಳಿದ್ದು... ಎನಗೆ ಭಾಷಣ ಬತ್ತಿಲ್ಲೆ. ಒಂದು ಕವನ ಓದ್ತೆ” ಎಂದರು.

“ಬೀಸವು ಗಿರಣಿ, ಹೊಟ್ಟೆಲ್ಲ ಹಾರವು,
ಜರಡೀಲಿ ನಿಂತಿದ್ದು ಹೆರಗೇ ಬೀಳವು.”

ಹೊಟ್ಟು ಹಾರಬೇಕು, ಜರಡಿಯಲ್ಲಿ ಉಳಿದದ್ದು ಹೊರಗೇ ಬೀಳಬೇಕು ಎಂಬ ಆ ಸಾಲಿಗೆ ಸಿದ್ದಾಪುರದಲ್ಲಿ ಯಾರೋ ಆಕಳಿಸಿದ್ದರು. ಸಿರ್ಸಿಯಲ್ಲಿ ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. “ಹೊಟ್ಟು ಯಾರು ಅಂತ ಎಲ್ಲರಿಗೂ ತಿಳೀತು!” ಎಂದು ಹಿಂದಿನಿಂದ ಒಬ್ಬ ಕೂಗಿದ. ಹೊಟ್ಟು ಅಂದರೆ ಹೊಟ್ಟೇ ಮಾರಾಯರೆ ಎಂದು ಹೇಳಲು ಭಟ್ಟರಿಗೆ ಇನ್ನೊಂದು ಅವಕಾಶ ಒದಗಿತ್ತು. ಅವರು ಕೈ ಮುಗಿದು ಕೂತರು.

ಮೂರನೆಯ ದಿನ ಸ್ಥಳೀಯ ಪತ್ರಿಕೆಯಲ್ಲಿ ಶಾಲಿನ ಫೋಟೋ, ಕವನದ ಎರಡು ಸಾಲು, ಅದಕ್ಕೊಂದು ಭಯಂಕರ ತಲೆಬರಹ. ಪರಿಮಳಾ ಓದಿ ಮುಗಿಸಿ ಪತ್ರಿಕೆಯನ್ನು ಗಂಡನ ಎಲೆಯ ಪಕ್ಕ ಇಟ್ಟಳು.

“ನಿಂಗ ಅಲ್ಲೇ ಹೇಳಕಾಗಿತ್ತು.”

“ಹೇಳಕ್ಕು ಅಂತೇ ಇದ್ದೆ...”

“ಎಂತ ಆತು?”

“ಬಾಯಿಗೆ ಕವನ ಬಂತು.”

ಪರಿಮಳಾ ಮತ್ತೇನೂ ಹೇಳಲಿಲ್ಲ. ಇಪ್ಪತ್ತು ವರ್ಷಗಳಿಂದ ಹೆಂಡತಿ ಒಮ್ಮೆಯಾದರೂ ಸುಮ್ಮನಿರಲಿ ಎಂದು ಆಸೆಪಟ್ಟಿದ್ದ ಭಟ್ಟರಿಗೆ ಆ ದಿನ ಅನ್ನ ಇಳಿಯಲಿಲ್ಲ. ಅರ್ಧ ಊಟಕ್ಕೆ ಎದ್ದು, ಅಂಗಿ ಸಿಕ್ಕಿಸಿಕೊಂಡು ಬಸ್ಸು ಹತ್ತಿದರು. ಕಂಡಕ್ಟರಿಗೆ ಶುದ್ಧ ಶಾಲೆಯ ಕನ್ನಡದಲ್ಲಿ, “ನಾನು ಒಬ್ಬನೇ, ಯಲ್ಲಾಪುರಕ್ಕೆ” ಎಂದು ಟಿಕೆಟ್ಟು ತೆಗೆಸಿದರು.

ಹೊಸರಿತ್ತಿಯವರು ಎಲ್ಲ ಕೇಳಿ ಹಣೆ ಬಡಿದುಕೊಂಡರು.

“ಅಯ್ಯ ಶಿವನ! ನಿಮ್ಮ ಮನಿ ಮಾತಿನಾಗ ಇಲ್ಲೆ ಅಂದ್ರ ಇಲ್ಲ?”

“ಇಲ್ಲ.”

“ಮತ್ತ ಇಲ್ಲೇ ಅನ್ನೂದಕ್ಕ ಏನಂತೀರಿ?”

“ಇಲ್ಲೇ ಅಂತಲೇ ಹೇಳುತ್ತೇವೆ. ಸ್ವಲ್ಪ ಎಳೆಯುತ್ತೇವೆ.”

“ಸ್ವಲ್ಪ ಅಂದ್ರ ಎಷ್ಟ್ರಿ?”

ಭಟ್ಟರು ಎಳೆದು ತೋರಿಸಿದರು. ಪಕ್ಕದ ಮೇಜಿನವರು ಎಳೆದು ನೋಡಿದರು. ಜವಾನ ಹೊನ್ನ, “ಎಳೀದೆ ಹೋದ್ರೂ ಗೊತ್ತಾಗ್ತದ್ರಾ, ಮುಖ ನೋಡಿದ್ರೆ ಸಾಕು” ಎಂದ. ಸ್ವಲ್ಪ ಹೊತ್ತು ಇಡೀ ಕೋಣೆ ಇಲ್ಲೆ, ಇಲ್ಲೇ ಎನ್ನುತ್ತ ನಕ್ಕಿತು. ಭಟ್ಟರೂ ನಕ್ಕರು, ಇಷ್ಟೇ ಇಷ್ಟು ಸಣ್ಣ ವಿಷಯ, ಈಗ ಸರಿಹೋಯಿತು ಎಂದು. ನಗು ನಿಂತ ಮೇಲೆ ಅಧಿಕಾರಿ ಫೈಲು ತೆಗೆದರು.

“ನಿಮ್ಮ ಹೇಳಿಕೆ ನಾ ತಪ್ಪ ಕೇಳಿಸಿಕೊಂಡೆ ಅಂತ ಬರೀತೇನಿ, ಅದಕ್ಕ ನನ್ನ ತಲಿ ಹೋದ್ರೂ ಅಡ್ಡಿಲ್ಲ. ಆದ್ರ ಇವಕ್ಕೇನು ಮಾಡೋಣ ಹೇಳ್ರಿ.” ಸಿರ್ಸಿಯಿಂದ, ಸಿದ್ದಾಪುರದಿಂದ ಬಂದ ತಕರಾರುಗಳು ಒಂದು ಕಟ್ಟು ಇದ್ದವು. ಕೇರಿಯನ್ನು ಕಣ್ಣಿಂದ ಕಂಡಿರದವರು ಬರೆದಿದ್ದರು. ಎಲ್ಲವೂ ಶುರುವಾಗುವುದು ಒಂದೇ ರೀತಿ, ನೆರೆಯವರಾದ ರಾಮ ಭಟ್ಟರೇ ಧೈರ್ಯದಿಂದ ವಿರೋಧಿಸಿರುವಾಗ ಎಂದು. ಮೇಲುಗಡೆ ಪತ್ರಿಕೆಯ ಫೋಟೋ ಪಿನ್ನು ಮಾಡಿತ್ತು.

“ಶಾಲು ಹೊತ್ತವರು ನೀವ ಅಲ್ಲೇನ್ರಿ? ಇದನ್ನ ನಾನು ತಪ್ಪ ಕೇಳಿಸಿಕೊಂಡಿಲ್ಲ ನೋಡ್ರಿ.”

ಭಟ್ಟರು ಫೋಟೋ ನೋಡಿದರು. ಚೆನ್ನಾಗಿಯೇ ಬಂದಿತ್ತು.

“ನಾನು ಮತ್ತೊಮ್ಮೆ ಬರೆದುಕೊಡುತ್ತೇನೆ. ಸದರಿ ಕಟ್ಟಡಕ್ಕೆ ನನ್ನ ಯಾವುದೇ ತಕರಾರು ಇರುವುದಿಲ್ಲ ಅಂತ.”

“ಬರೆದು ಕೊಡ್ರಿ, ಮ್ಯಾಲೆ ಕಳಸ್ತೇನಿ. ದೇವರಿಗೆ ಕೈ ಮುಗಿಯೂ ಹಕ್ಕು ಸಂವಿಧಾನದಾಗ ಐತ್ರಿ, ಅದನ್ನ ಯಾರೂ ಕಸಗೊಳ್ಳಂಗಿಲ್ಲ. ಆದ್ರ ಎಲ್ಲಿ ನಿಂತು ಮುಗೀಬೇಕು ಅನ್ನೂದು ಈ ಫೈಲಿನಾಗ ಐತಿ. ಇದು ಈಗ ನನ್ನ ಕೈ ದಾಟೇತಿ.”

ಮೇಲಿನಿಂದ ಉತ್ತರ ಬರಲು ಬಹಳ ದಿನ ಹಿಡಿಯಲಿಲ್ಲ. ಸ್ಥಳೀಯರ ತೀವ್ರ ವಿರೋಧವಿರುವುದರಿಂದ, ಶಾಂತಿಯ ದೃಷ್ಟಿಯಿಂದ, ಪರವಾನಿಗೆ ಕೊಡಲಾಗುವುದಿಲ್ಲ. ಕೇರಿಯವರನ್ನು ಬಿಟ್ಟರೆ ಆ ಸ್ಥಳದಲ್ಲಿ ಸ್ಥಳೀಯರೆಂದರೆ ರಾಮ ಭಟ್ಟರೊಬ್ಬರೇ ಇದ್ದರು, ಅವರ ವಿರೋಧವಿಲ್ಲವೆಂಬ ಕಾಗದವೂ ಅದೇ ಫೈಲಿನಲ್ಲಿತ್ತು.

ಅಂದು ಸಂಜೆ ಭಟ್ಟರು ಬೇಲಿ ದಾಟಿ ಕೇರಿಗೆ ಹೋದರು. ಬಸ್ತ್ಯಾಂವ ಅಂಗಳದ ಚಪ್ಪರ ಬಿಚ್ಚುತ್ತಿದ್ದ. ಭಟ್ಟರು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಶುರುಮಾಡಿದರು: ಇಲ್ಲೆ ಎಂದರೆ ಇಲ್ಲ, ಹಾವೇರಿಯಲ್ಲಿ ಇಲ್ಲೇ ಎಂದರೆ ಇಲ್ಲಿಯೇ, ಎಲ್ಲ ಭಾಷೆಯ ಗೊಂದಲ...

“ಅದೆಲ್ಲ ನನಗೆ ಗೊತ್ತುಂಟು ಭಟ್ರೆ” ಎಂದ ಬಸ್ತ್ಯಾಂವ. “ಅವತ್ತು ನಾನಿಲ್ಲೇ ನಿಂತಿದ್ದೆ. ನೀವು ಇಲ್ಲ ಅಂದದ್ದು ಇಡೀ ಕೇರಿಗೆ ಕೇಳಿತ್ತು. ಆಮೇಲೆ ಕಾಗದದಲ್ಲಿ ಬೇರೆ ಬಂದಿದೆ ಅಂತ ತಿಳೀತು. ಹೆಂಗಸರು ಹೆದರಿದ್ರು. ನಾನು ಹೇಳ್ದೆ, ಸುಮ್ನಿರಿ, ಭಟ್ರಿಗೂ ಗೊತ್ತಾಗಿರ್ತದೆ, ಸಿರ್ಸಿಗೆ ಹೋಗ್ತಾರೆ, ಅಲ್ಲಿ ಮೈಕಿನಲ್ಲಿ ಎಲ್ಲರೆದುರು ಸರಿ ಮಾಡ್ತಾರೆ ಅಂತ.” ಚಪ್ಪರದ ಬಿದಿರಿನ ಗಳು ಒಂದನ್ನು ಕೆಳಗಿಟ್ಟ. “ಅವ್ವಂಗೂ ಹಾಗೇ ಹೇಳ್ದೆ. ಅವಳು ನಿಮಗೆ ಅಂತ ಪ್ರಾರ್ಥನೆ ಮಾಡಿದ್ಲು, ಭಟ್ರ ಬಾಯಿಗೆ ಬಲ ಕೊಡು ಅಂತ.”

ಭಟ್ಟರಿಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನು ಬೈದಿದ್ದರೆ, ಗಳು ಎತ್ತಿ ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬಸ್ತ್ಯಾಂವ ಬೈಯಲಿಲ್ಲ. “ಹೋಗ್ಲಿ ಬಿಡಿ, ಚಾ ಕುಡೀತೀರಾ?” ಎಂದ. ಭಟ್ಟರು ಬೇಡವೆಂದು ತಲೆಯಾಡಿಸಿ ಹಿಂದಿರುಗಿದರು. ಮರುದಿನ ಸುಹಾಸನಿಗೆ ಫೋನು ಮಾಡಿ, ಎಲ್ಲ ಗುಂಪಿಗೂ ನಿಜ ಬರೆದು ಕಳಿಸು ಎಂದರು. ಅವನು, “ಈಗೆಂತಕ್ಕೆ ಭಾವಾ, ಎಲ್ಲ ಮುಗತ್ತು” ಎಂದ. ಭಟ್ಟರು ತಾವೇ ಬರೆದು ಕಳಿಸಿದರು. ನಾಲ್ಕು ಗುಂಪುಗಳಿಂದ ಅವರನ್ನು ತೆಗೆದುಹಾಕಿದರು, ಐದನೆಯದರಲ್ಲಿ ಯಾರೋ ಹೆಬ್ಬೆರಳು ಎತ್ತಿ ತೋರಿಸಿದರು. ಅದು ಯಾವುದಕ್ಕೆಂದು ಗೊತ್ತಾಗಲಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ ಬಸ್ತ್ಯಾಂವ ಗಿರಣಿಗೆ ಬಂದ. ಕೈಯಲ್ಲಿ ಅಕ್ಕಿಯಿರಲಿಲ್ಲ. ಭಟ್ಟರ ಏಣಿ, ಹಾರೆ, ಹಗ್ಗ ಯಾವುದನ್ನೂ ಈ ಮನುಷ್ಯ ಜನ್ಮದಲ್ಲಿ ಕೇಳಿ ಒಯ್ದವನಲ್ಲ, ತನ್ನದೆಂಬಂತೆ ಒಯ್ದು ತಂದಿಡುತ್ತಿದ್ದ. ಇಂದು ಹೊಸ್ತಿಲ ಹೊರಗೆ ನಿಂತು ಕೆಮ್ಮಿದ. ಭಟ್ಟರು ಯಂತ್ರ ನಿಲ್ಲಿಸಿದರು.

“ಭಟ್ರೆ, ಒಂದು ಮಾತು ಕೇಳ್ಲಿಕ್ಕೆ ಬಂದೆ. ಹಬ್ಬ ಬಂತಲ್ಲ. ಉಳಿದವರು ಟೆಂಪೋ ಮಾಡಿಕೊಂಡು ಯಲ್ಲಾಪುರಕ್ಕೆ ಹೋಗ್ತಾರೆ. ಅವ್ವಂಗೆ ಆಗೂದಿಲ್ಲ. ಮನೆಗೆ ಒಂದು ನಕ್ಷತ್ರ ಕಟ್ಟುವಾ ಅಂತ ಮಾಡಿದೆ. ಕಾಗದದ್ದು. ಒಳಗೊಂದು ಸಣ್ಣ ಬಲ್ಬು ಅಷ್ಟೇ. ಹಾಡು ಗೀಡು ಎಂತದೂ ಇಲ್ಲ.” ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ನಿಮ್ಮದೇನಾದ್ರೂ ತಕರಾರುಂಟಾ?”

ಅವನ ಮುಖದಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಭಟ್ಟರು ಬದುಕುತ್ತಿದ್ದರು. ನಿಜವಾಗಿಯೂ ಕೇಳಲಿಕ್ಕೇ ಬಂದಿದ್ದ.

“ಕಟ್ಟು ಮಾರಾಯಾ” ಎಂದರು ಭಟ್ಟರು. “ದೊಡ್ಡದೇ ಕಟ್ಟು. ಬೇಲಿ ಮೇಲೆ ಕಟ್ಟು. ಬೇಕಾದ್ರೆ ಗಿರಣಿ ಮಾಡಿಗೆ ಕಟ್ಟು, ಕರೆಂಟು ಇಲ್ಲಿಂದ ತಗ.”

“ಬ್ಯಾಡ ಬ್ಯಾಡ, ಸಣ್ಣದು ಸಾಕು. ಉಪಕಾರ ಆಯ್ತು” ಎಂದು ಬಸ್ತ್ಯಾಂವ ಟೋಪಿ ಹಾಕಿಕೊಂಡು ಹೋದ. ಉಪಕಾರ ಎಂಬ ಶಬ್ದ ಅವರಿಬ್ಬರ ನಡುವೆ ಹಿಂದೆಂದೂ ಬಂದಿರಲಿಲ್ಲ.

ಹಬ್ಬದ ಹಿಂದಿನ ಸಂಜೆ ಭಟ್ಟರು ಗಿರಣಿ ಬೇಗ ಮುಚ್ಚಿ ಬೇಲಿಯ ಹತ್ತಿರ ಹೋಗಿ ನಿಂತರು. ಬಸ್ತ್ಯಾಂವನ ಮನೆಯ ಮುಂದೆ ಕತ್ತಲೆಯಿತ್ತು. ಕಟ್ಟಲಿಲ್ಲವೇನೋ ಎಂದುಕೊಂಡರು. ಹಿಂದಿನಿಂದ ಬಂದ ಪರಿಮಳಾ ಅವರ ತೋಳು ಮುಟ್ಟಿ ತೋರಿಸಿದಳು. ಮನೆಯ ಮಾಡಿನ ಆ ಬದಿಯಲ್ಲಿ, ಕಾಡಿನ ಮೊದಲ ಸಾಲಿನ ಮರಗಳ ಮೇಲೆ, ಸ್ವಲ್ಪ ಹಳದಿ ಬೆಳಕು ಬಿದ್ದಿತ್ತು. ನಕ್ಷತ್ರವನ್ನು ಅವನು ಮನೆಯ ಹಿಂದುಗಡೆ ಕಟ್ಟಿದ್ದ, ಮುದುಕಿಯ ಕಿಟಕಿಗೆ ಕಾಣುವಂತೆ, ಭಟ್ಟರ ಜಾಗಕ್ಕೆ ಕಾಣದಂತೆ.

“ಹೋಗಿ ನೋಡ್ಕಂಡು ಬಪ್ಪನ” ಎಂದಳು ಪರಿಮಳಾ. ಭಟ್ಟರು ಬೇಲಿಯ ದಾರಿಗೆ ಅಡ್ಡವಿದ್ದ ದಣಪೆಯ ಮೇಲೆ ಕೈ ಇಟ್ಟರು. ಆದರೆ ಆಚೆ ಹೋಗಲು ಈಗ ಯಾರ ಅಪ್ಪಣೆ ಕೇಳಬೇಕು ಎಂದು ಅವರಿಗೆ ತಿಳಿಯಲಿಲ್ಲ.